ನೀರು ತುಂಬಿದ ಎಡಗೈ

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಮಹಡಿಯ ಮೇಲೆ, ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಶುರುಮಾಡಿದವರು ನನ್ನ ಮಾವನವರು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ, ನಾನೇ ಕೇಳಿ ತೆಗೆದುಕೊಂಡೆ. ನನ್ನ ಗಂಡ ವಿದ್ಯುತ್ ಮಂಡಳಿಯ ನೌಕರಿಯಲ್ಲಿದ್ದರು. ಅವರಿಗೆ ಆ ಯಂತ್ರಗಳ ಸದ್ದು ಕೇಳಿದರೆ ತಲೆನೋವು. ನನಗೆ ಆ ಸದ್ದು ಕಿವಿಗೆ ಬೀಳದಿದ್ದರೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬೇಕೆಂದರೆ ಟೈಪಿಂಗ್ ಜೂನಿಯರ್, ಸೀನಿಯರ್ ಪಾಸಾಗಿರಬೇಕು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಹಾಗಾಗಿ ಬೆಳಗಿನ ಬ್ಯಾಚಿಗೇ ಮೆಟ್ಟಿಲ ಮೇಲೆ ಚಪ್ಪಲಿಗಳ ಸಾಲು.

ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿಯುತ್ತಿದ್ದಂತೆ ಟಿಣ್ ಎಂದು ಗಂಟೆ ಬಾರಿಸುತ್ತದೆ. ಆಗ ಎಡಗೈಯಿಂದ ಹಿಡಿಯನ್ನು ಬಲಕ್ಕೆ ತಳ್ಳಿ ಹೊಸ ಸಾಲು ಶುರುಮಾಡಬೇಕು. ಕಲಿಸುವವಳು ಎಲ್ಲರ ಯಂತ್ರದ ಮೇಲೂ ಬಗ್ಗಿ ತಳ್ಳಿ ತೋರಿಸಬೇಕು. ಅಂದರೆ ಬೆಳಗಿನಿಂದ ಸಂಜೆಯವರೆಗೆ ನನ್ನ ಎಡಗೈಗೆ ಪುರುಸೊತ್ತಿರಲಿಲ್ಲ. ಕಾಯಿಲೆ ಬಂದದ್ದೂ ಎಡಗಡೆಯ ಎದೆಗೇ.

ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತು. ನನಗಾಗ ನಲವತ್ನಾಲ್ಕು ವರ್ಷ. ಕೂತು ಯೋಚಿಸುವ ಜಾತಿ ನನ್ನದಲ್ಲ. ಗಂಡನಿಗೆ ಅವತ್ತೇ ಹೇಳಿದೆ, ಅದೇ ವಾರ ಆಸ್ಪತ್ರೆಗೆ ಹೋದೆ, ಸೂಜಿ ಹಾಕಿ ಪರೀಕ್ಷೆ ಮಾಡಿದರು, ಕ್ಯಾನ್ಸರ್ ಎಂದು ಬಂತು. ಸರ್ಜನ್ ಹೆಂಗಸು, ಗಿಡ್ಡ ಆಳು, ಬಿರಬಿರನೆ ಮಾತಾಡುವವರು. "ತೆಗೀಬೇಕಾಗತ್ತೆ, ಕಂಕುಳಲ್ಲೂ ಕ್ಲೀನ್ ಮಾಡ್ಬೇಕಾಗತ್ತೆ" ಅಂದರು. "ಮಾಡಿ" ಅಂದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು, ಇಷ್ಟು ಬೇಗ ಹೂಂ ಅಂದುಬಿಟ್ಟಳಲ್ಲ ಎಂಬಂತೆ.

ಆಪರೇಷನ್ ಆದ ಮೇಲೆ ನನ್ನ ಪಕ್ಕೆಯಿಂದ ಒಂದು ಸಣ್ಣ ಕೊಳವೆ ಹೊರಟು ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಸೇರಿತ್ತು. ಗಾಯದೊಳಗೆ ಒಸರುವ ನೀರು ಅದರಲ್ಲಿ ಬಂದು ಬೀಳುತ್ತಿತ್ತು. ವಾರ್ಡಿನಲ್ಲಿ ಎಲ್ಲರ ಕೈಯಲ್ಲೂ ಇಂಥದೊಂದು ಡಬ್ಬಿ. ಊಟದ ಡಬ್ಬಿ ಹಿಡಿದು ಆಫೀಸಿಗೆ ಹೊರಟವರ ಹಾಗೆ ನಾವೆಲ್ಲ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದೆವು.

ಪಕ್ಕದ ಮಂಚದವಳಿಗೂ ಅದೇ ವಾರ, ಅದೇ ಡಾಕ್ಟರು, ಅದೇ ಆಪರೇಷನ್. ಗವಿಪುರದವಳು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ನನಗಿಂತ ಆರೇಳು ವರ್ಷ ಚಿಕ್ಕವಳು, ಗಾಳಿಗೆ ಹಾರಿಹೋಗುವಷ್ಟು ತೆಳ್ಳಗೆ. ದಿಂಬಿನ ಹತ್ತಿರ ಬುದ್ಧನ ಪುಟ್ಟ ಪಟವನ್ನು ಇಟ್ಟುಕೊಂಡಿದ್ದಳು.

"ನೀವು ದೇವ್ರ ಫೋಟೋ ತಂದಿಲ್ವಾ ಅಕ್ಕ?" ಎಂದು ಮೊದಲ ದಿನ ಕೇಳಿದಳು.

"ನಮ್ಮನೇಲಿ ಅಷ್ಟೂ ದೇವ್ರನ್ನ ನಮ್ಮತ್ತೆ ನೋಡ್ಕೋತಾರಮ್ಮ. ನಾನು ಟೈಪಿಂಗ್ ಕ್ಲಾಸ್ ನೋಡ್ಕೋತೀನಿ" ಅಂದೆ.

ಇನ್‌ಸ್ಟಿಟ್ಯೂಟಿನ ಗುರುತು ಹೇಳಿದೊಡನೆ ಅವಳ ಕಣ್ಣರಳಿತು. ಅವಳೂ ಸೀನಿಯರ್ ಪಾಸು ಮಾಡಿದವಳು.

"ಹಾಗಾದ್ರೆ ನಮ್ಮಲ್ಲಿ ಯಾಕೆ ಸೇರ್ಲಿಲ್ಲ?"

"ಅಲ್ಲಿ ಮೇಡಂ ತುಂಬ ಬೈತಾರೆ ಅಂತ ಹೇಳಿದ್ರು ಅಕ್ಕ."

ನಗು ಬಂದು ಹೊಲಿಗೆ ಎಳೆಯಿತು. ಅಲ್ಲಿಂದ ಮುಂದೆ ನಾವಿಬ್ಬರೂ ಅಕ್ಕತಂಗಿಯರ ಹಾಗೇ ಆದೆವು.

ಅವಳ ಡಬ್ಬಿಯಲ್ಲಿ ನೀರು ಬೇಗ ಕಡಿಮೆಯಾಯಿತು. ಕೊಳವೆ ತೆಗೆದು ಮನೆಗೆ ಕಳಿಸಿದರು. ನನ್ನದು ನಿಲ್ಲಲೇ ಇಲ್ಲ. ಕೊನೆಗೆ ಕೊಳವೆ ತೆಗೆದ ಮೇಲೂ ಎದೆಯ ಚರ್ಮದಡಿ ನೀರು ಸೇರಿಕೊಂಡು, ಮಗ್ಗುಲಾದರೆ ಬಿಸಿನೀರಿನ ಚೀಲದ ಹಾಗೆ ಒಳಗೇ ಕುಲುಕುತ್ತಿತ್ತು. ಮತ್ತೆ ಮತ್ತೆ ಹೋಗಿ ಸಿರಿಂಜಿನಿಂದ ತೆಗೆಸಿಕೊಂಡು ಬಂದೆ. ಅಂಥ ಒಂದು ದಿನ ಡಾಕ್ಟರನ್ನು ಕೇಳಿದೆ: "ಅವ್ಳಿಗಿಲ್ಲದ್ದು ನನಗ್ಯಾಕೆ ಡಾಕ್ಟ್ರೇ?"

"ಕಂಕುಳಲ್ಲಿ ಸಣ್ಣ ಸಣ್ಣ ಗ್ರಂಥಿಗಳಿರ್ತಾವೆ. ಕೈಯಿಂದ, ಎದೆಯಿಂದ ಬರೋ ನೀರೆಲ್ಲ ಅದರ ಮೂಲಕಾನೇ ವಾಪಸ್ ಹೋಗ್ಬೇಕು. ನಿಮಗೆ ಕಾಯಿಲೆ ಅಲ್ಲೀವರೆಗೂ ಹೋಗಿತ್ತು. ಅದಕ್ಕೆ ಅವುಗಳನ್ನ ಜಾಸ್ತಿ ತೆಗೆದಿದೀವಿ. ಅಷ್ಟು ದೊಡ್ಡ ಜಾಗ ಬಿಚ್ಚಿದ್ರೆ ನೀರು ಒಸರೋದೂ ಜಾಸ್ತಿ. ಇನ್ನೊಂದು..." ಎಂದು ಅವರು ಸ್ವಲ್ಪ ತಡವರಿಸಿದರು.

"ನಾನು ದಪ್ಪ ಇದೀನಿ ಅಂತ ತಾನೆ? ಹೇಳಿ, ಪರವಾಗಿಲ್ಲ."

"ಹೌದು. ದಪ್ಪ ಇರೋರಿಗೆ ನೀರು ತುಂಬೋದು ಜಾಸ್ತಿ. ಬಿ.ಪಿ. ಬೇರೆ ಇದೆ ನಿಮಗೆ." ಆಮೇಲೆ ಸಿರಿಂಜನ್ನು ಪಕ್ಕಕ್ಕಿಟ್ಟು ನೇರವಾಗಿ ನೋಡಿದರು. "ಇದು ನಿಂತುಹೋಗತ್ತೆ. ಆದ್ರೆ ಮುಂದೆ ಕೈ ಊದೋ ಸಾಧ್ಯತೆ ನಿಮಗೆ ಇದ್ದೇ ಇದೆ. ಕಂಕುಳಿಗೆ ಕರೆಂಟ್ ಬೇರೆ ಕೊಡ್ಬೇಕು. ಈಗ್ಲೇ ಹೇಳಿರ್ತೀನಿ."

ರೇಡಿಯೇಷನ್ನನ್ನು ಅಲ್ಲಿ ಎಲ್ಲರೂ ಕರೆಂಟ್ ಅನ್ನುತ್ತಿದ್ದರು. ನನ್ನ ಗಂಡ ಕರೆಂಟಿನ ಆಫೀಸಿನವರು ತಾನೆ, "ನಮ್ಮ ಡಿಪಾರ್ಟ್‌ಮೆಂಟೇ ಬಂತು ನೋಡು" ಎಂದು ನಗಿಸಲು ನೋಡಿದರು.

ಎದೆಯ ನೀರು ಡಾಕ್ಟರು ಹೇಳಿದಂತೆಯೇ ನಿಂತಿತು. ಮನೆಯಲ್ಲಿ ಅತ್ತೆ ನನ್ನ ಎಡಗೈಯನ್ನು ಬಾಣಂತಿಯ ಮಗುವಿನ ಹಾಗೆ ಕಾಯತೊಡಗಿದರು. ನಾನು ಡಬ್ಬ ಇಳಿಸಲು ಕೈ ಎತ್ತಿದರೆ ಅಡುಗೆಮನೆಯಿಂದ ಕೂಗು: "ಎತ್ಬೇಡ ಕಣೇ! ಹೊಲಿಗೆ ಬಿಟ್ಕೊಳ್ಳತ್ತೆ." ಹೊಲಿಗೆ ಒಣಗಿ ಎಷ್ಟೋ ಕಾಲವಾಗಿದ್ದರೂ ಅದೇ ಮಾತು. ಅವರ ಪ್ರೀತಿಗೆ ಕಟ್ಟುಬಿದ್ದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ. ಫಲವಾಗಿ ಭುಜ ಬಿಗಿದುಕೊಂಡಿತು. ಆಸ್ಪತ್ರೆಯ ಫಿಸಿಯೋಥೆರಪಿಯವರು ನೋಡಿ, ಗೋಡೆಯ ಮುಂದೆ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ಅದನ್ನು ನಾನು ಇನ್‌ಸ್ಟಿಟ್ಯೂಟಿನ ಗೋಡೆಯ ಮೇಲೇ ಮಾಡಿದೆ, ತುಂಬಿದ ಕ್ಲಾಸಿನ ಮುಂದೆ. ಮೊದಮೊದಲು ಮಕ್ಕಳು ಕದ್ದು ನೋಡುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಕರೆಂಟೂ ಮುಗಿಯಿತು, ಕೀಮೋ ಔಷಧಿಯೂ ಮುಗಿಯಿತು, ಉದುರಿದ ಕೂದಲು ಗುಂಗುರಾಗಿ ಮತ್ತೆ ಬಂತು. ನಾನು ಗೆದ್ದೆ ಅಂದುಕೊಂಡೆ.

ಎರಡು ವರ್ಷ ಕಳೆದಿರಬೇಕು. ಪರೀಕ್ಷೆಗೆ ಮುನ್ನ ಎಲ್ಲ ಯಂತ್ರಗಳನ್ನೂ ಬಿಚ್ಚಿ ಎಣ್ಣೆ ಹಾಕಿ ರಿಬ್ಬನ್ ಬದಲಾಯಿಸುವುದು ನಮ್ಮಲ್ಲಿ ರೂಢಿ. ಹಾಗೆ ಮಾಡುವಾಗ ಒಂದು ಹಳೆಯ ಸ್ಪ್ರಿಂಗಿನ ತುದಿ ಎಡ ಹೆಬ್ಬೆರಳಿಗೆ ಚುಚ್ಚಿತು. ಸೆರಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಮರುದಿನ ಸಂಜೆ ಮೈ ಗಡಗಡ ನಡುಗಿ ಜ್ವರ ಬಂತು. ಕೈ ಮೊಣಕೈವರೆಗೆ ಕೆಂಡದಂತೆ ಕೆಂಪಗಾಗಿ, ಊದಿಕೊಂಡು, ಮುಟ್ಟಿದರೆ ಬಿಸಿ. ನಂಜೇರಿದೆ ಎಂದು ಆಸ್ಪತ್ರೆಗೆ ಸೇರಿಸಿಕೊಂಡು, ಬಲಗೈಗೆ ಸೂಜಿ ಹಾಕಿ ಔಷಧಿ ಏರಿಸಿದರು. ಜ್ವರ ಬಿಟ್ಟಿತು, ಕೆಂಪು ಇಳಿಯಿತು. ಬಾವು ಮಾತ್ರ ಇಳಿಯಲಿಲ್ಲ.

ಮನೆಗೆ ಬಂದು ರವಿಕೆ ಹಾಕಿಕೊಳ್ಳಲು ಹೋದರೆ ಎಡತೋಳಿನೊಳಗೆ ಕೈ ತೂರಲಿಲ್ಲ. ಬೆರಳಿನಿಂದ ಒತ್ತಿದರೆ ಕಣಕದ ಉಂಡೆಯ ಮೇಲೆ ಒತ್ತಿದ ಹಾಗೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕ್ಯಾನ್ಸರ್ ಎಂದಾಗ ಅಳದ ನಾನು ಆ ರವಿಕೆಯನ್ನು ಹಿಡಿದುಕೊಂಡು ಅತ್ತುಬಿಟ್ಟೆ. ತೋಳಿನ ಹೊಲಿಗೆಯನ್ನು ಬಿಚ್ಚಿ ಹಾಕಿಕೊಂಡು, ಮೇಲೆ ಸೆರಗು ಹೊದ್ದು ಹೊರಗೆ ಬಂದೆ.

ಆಮೇಲೆ ಶುರುವಾಯಿತು ಕಾರಣ ಹುಡುಕುವ ಕೆಲಸ. "ಕೈ ಎತ್ಬೇಡ ಅಂದ್ರೆ ಗೋಡೆ ಹತ್ತಿಸಿದ್ಲು" ಎಂದು ಅತ್ತೆ. ಟೈಪಿಂಗ್ ಮಾಡಿ ಮಾಡಿ ಹೀಗಾಯಿತು ಎಂದು ಬೀದಿಯವರು. ಒಂದು ರಾತ್ರಿ ಊಟವಾದ ಮೇಲೆ ನನ್ನ ಗಂಡನೂ ಅಂದರು:

"ಮಷಿನ್‌ಗಳನ್ನ ಮಾರ್ಬಿಡೋಣ ಕಣೇ. ನಿನ್ನ ಕೈಗಿಂತ ಅದು ಹೆಚ್ಚಾ?"

"ಮಾರಿದ್ರೆ ಕೈ ಇಳಿಯತ್ತೇನ್ರೀ?"

"ಅದು ನನಗೇನ್ ಗೊತ್ತು?"

"ಗೊತ್ತಿರೋರನ್ನ ಕೇಳೋಣ. ಆಮೇಲೆ ಮಾರೋ ಮಾತು."

ಮತ್ತೆ ಅದೇ ಡಾಕ್ಟರ ಮುಂದೆ ಹೋಗಿ ಕೂತೆವು. ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ, ಬೇಕೆಂದೇ. "ಇದು ಯಾವುದರಿಂದ ಬಂತು ಅಂತ ನಮ್ಮತ್ತೆಯವರಿಗೆ ಹೇಳಿ ಡಾಕ್ಟ್ರೇ" ಅಂದೆ.

ಡಾಕ್ಟರು ಅತ್ತೆಯ ಕಡೆ ತಿರುಗಿ ಕೂತರು. "ನೋಡೀಮ್ಮ, ಒಂದೇ ಕಾರಣ ಅಂತ ಇರಲ್ಲ. ಗ್ರಂಥಿ ತೆಗೆದ್ವಿ, ಅಲ್ಲೇ ಅರ್ಧ ದಾರಿ ಮುಚ್ಚಿತು. ಕರೆಂಟ್ ಕೊಟ್ವಿ, ಉಳಿದ ದಾರೀನೂ ಸಣ್ಣಗಾಯ್ತು. ಅವೆರಡೂ ನಾವು ಮಾಡಿದ್ದು, ಇವರ ಜೀವ ಉಳೀಲಿ ಅಂತ. ಹೇಗೋ ನಡ್ಕೊಂಡು ಹೋಗ್ತಿತ್ತು. ಅಷ್ಟರಲ್ಲಿ ನಂಜಾಯ್ತು, ಒಂದೇ ಸಲಕ್ಕೆ ನೀರು ಜಾಸ್ತಿ ನುಗ್ಗಿತು, ಹೋಗೋಕೆ ದಾರಿ ಇಲ್ಲ. ಮೈತೂಕಾನೂ ಸೇರ್ಕೊಂಡಿದೆ."

"ವ್ಯಾಯಾಮ ಮಾಡಿದ್ದಕ್ಕಲ್ವಾ?"

"ಅಲ್ಲ. ಮಾಡ್ದೆ ಇದ್ದಿದ್ರೆ ಭುಜಾನೂ ಹೋಗ್ತಿತ್ತು."

"ಟೈಪಿಂಗ್?" ಎಂದು ನನ್ನ ಗಂಡ.

"ಬಿಟ್ರೆ ಬಾವು ಇಳಿಯತ್ತೆ ಅಂತ ನಾನು ಹೇಳಲ್ಲ. ಮಧ್ಯೆ ಮಧ್ಯೆ ಕೈಗೆ ಬಿಡುವು ಕೊಡ್ಲಿ, ಕೈ ಭಾರ ಆದಾಗ ನಿಲ್ಲಿಸ್ಲಿ. ಮತ್ತೆ ಚುಚ್ಚಿಸ್ಕೊಳ್ದೆ, ಸುಟ್ಕೊಳ್ದೆ ಇರ್ಲಿ. ಚುಚ್ಚಿದ್ರೆ ಸೋಪ್ ಹಾಕಿ ತೊಳೆದು ಔಷಧಿ ಹಚ್ಲಿ. ಕೆಂಪಗಾದ್ರೆ ಕಾಯೋದು ಬೇಡ, ಇಲ್ಲಿಗೆ ಬರ್ಲಿ." ಆಮೇಲೆ ನನ್ನ ಕಡೆ ನೋಡಿ, "ಇದು ಪೂರ್ತಿ ಹೋಗತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಹತೋಟೀಲಿ ಇಡ್ಬಹುದು" ಅಂದರು.

ಆಸ್ಪತ್ರೆಯ ಮೆಟ್ಟಿಲು ಇಳಿದು ಬರುವಾಗ ನನ್ನ ಮನಸ್ಸು ಹಗುರವಾಗಿತ್ತು. ಏನು ಬಂದಿದೆ, ಯಾಕೆ ಬಂದಿದೆ, ಅದರಲ್ಲಿ ನನ್ನ ಕೈಲಿರುವುದು ಎಷ್ಟು ಎಂದು ಗೊತ್ತಾದರೆ ನನಗೆ ಅಷ್ಟು ಸಾಕು. ಮೈತೂಕ ನನ್ನ ಕೈಲಿತ್ತು. ಚರ್ಮವನ್ನು ನೋಡಿಕೊಳ್ಳುವುದು ನನ್ನ ಕೈಲಿತ್ತು. ಉಳಿದದ್ದಕ್ಕೆ ನಾನು ಯಾಕೆ ತಲೆ ತಗ್ಗಿಸಲಿ?

ಬಾವು ಇಳಿಸಲು ದಿನವೂ ಬೆರಳುಗಳಿಂದ ತೋಳಿನವರೆಗೆ ಬ್ಯಾಂಡೇಜ್ ಸುತ್ತಬೇಕಿತ್ತು. ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಒಂದೇ ಕೈಯಲ್ಲಿ ಅದು ಆಗದ ಕೆಲಸ. ನನ್ನ ಗಂಡ ಸುತ್ತಿದರೆ ಒಂದು ಕಡೆ ಹಗ್ಗ ಕಟ್ಟಿದ ಹಾಗೆ, ಇನ್ನೊಂದು ಕಡೆ ಜೋಲಿ. ಊದಿ ಗುಳಿಬಿದ್ದ ಆ ಕೈಯನ್ನು ನೋಡಲು ಅವರಿಗೆ ಧೈರ್ಯ ಸಾಲದು. ಮುಖ ತಿರುಗಿಸಿಕೊಂಡೇ ಸುತ್ತುತ್ತಿದ್ದರು. ಎರಡು ಮೂರು ದಿನ ಹೂಬತ್ತಿ ಹೊಸೆಯುತ್ತ ಇದನ್ನು ನೋಡಿದ ಅತ್ತೆ, ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದು ಬಂದರು.

"ಸರಿ ಅತ್ಲಾಗೆ. ಕೊಡಿಲ್ಲಿ" ಎಂದು ಮಗನ ಕೈಯಿಂದ ಬ್ಯಾಂಡೇಜ್ ತೆಗೆದುಕೊಂಡರು. ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸುತ್ತು ಹಾಕುತ್ತ ಹೋದರು. ಒಂದು ಸುತ್ತೂ ಹೆಚ್ಚು ಕಡಿಮೆಯಾಗಲಿಲ್ಲ. ಕೊನೆಗೆ ಪಿನ್ನು ಹಾಕುತ್ತ, "ನೋವಾಯ್ತೇನೇ?" ಅಂದರು.

"ಇಲ್ಲ ಅತ್ತೆ."

"ನನಗೆ ಹೆದರಿಕೆ ಕಣೇ. ನಿನ್ನ ಮೇಲೆ ಕೋಪ ಅಲ್ಲ, ಹೆದರಿಕೆ. ಅದಕ್ಕೇ ಹಾಗೆ ಬಾಯಿಗೆ ಬಂದಿದ್ದು ಅಂತಿದ್ದೆ."

ಬ್ಯಾಂಡೇಜಿನ ಮೇಲಿಂದ ಅವರ ಕೈಯನ್ನು ಹಿಡಿದುಕೊಂಡೆ. ಆವತ್ತಿನಿಂದ ಆ ಕೆಲಸ ಅವರದೇ. ಮಧ್ಯಾಹ್ನ ಬಿಚ್ಚಿದ್ದನ್ನು ಒಗೆದು, ಒಣಗಿಸಿ, ಬಿಗಿಯಾಗಿ ಸುರುಳಿ ಸುತ್ತಿ ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದರು. ಕೆಲವು ತಿಂಗಳಲ್ಲಿ ಬಾವು ಅರ್ಧಕ್ಕರ್ಧ ಇಳಿದು, ಬ್ಯಾಂಡೇಜಿನ ಬದಲು ಎಲಾಸ್ಟಿಕ್ ತೋಳು ಹಾಕಿಕೊಳ್ಳುವ ಮಟ್ಟಕ್ಕೆ ಬಂತು.

ಮೈತೂಕದ ವಿಷಯವನ್ನು ಗವಿಪುರದವಳು ವಹಿಸಿಕೊಂಡಳು. ನನ್ನ ಕೈ ಊದಿದೆ ಎಂದು ತಿಳಿದು ನೋಡಲು ಬಂದಿದ್ದಳು. ಅವಳ ಕೈ ಮೊದಲಿನಂತೆಯೇ ಸಪೂರವಾಗಿತ್ತು. ಬೀದಿ ನಲ್ಲಿಯಿಂದ ನೀರು ಹೊರುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬಸ್ಸಿನಲ್ಲಿ ಅದೇ ಕೈಯಲ್ಲಿ ಕಂಬಿ ಹಿಡಿದು ನೇತಾಡುತ್ತಾಳೆ.

"ನನಗೇನೂ ಆಗಿಲ್ಲ ಅಂತ ಸಂಕೋಚ ಆಗತ್ತೆ ಅಕ್ಕ. ನಿಮ್ಮಷ್ಟು ಹುಷಾರಾಗಿ ನಾನೇನೂ ಇರ್ಲಿಲ್ಲ."

"ನಿನಗೆ ಕಂಕುಳಿಗೆ ಬಂದಿರ್ಲಿಲ್ಲ. ಕರೆಂಟ್ ಕೊಡ್ಲಿಲ್ಲ. ನೀನು ಕಡ್ಡಿ ಥರ ಇದೀಯ. ಸಂಕೋಚ ಯಾಕೆ, ಖುಷಿಪಡು" ಅಂದೆ.

"ಹಾಗಾದ್ರೆ ನೀವೂ ಸ್ವಲ್ಪ ಇಳೀರಿ. ನಾಳೆಯಿಂದ ವಾಕಿಂಗ್. ನಾನೇ ಬರ್ತೀನಿ."

ಬಂದೇ ಬಂದಳು. ಬ್ಯೂಗಲ್ ರಾಕ್ ಪಾರ್ಕಿನ ಬಂಡೆಗಳ ನಡುವೆ ಅವಳು ಮುಂದೆ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಗಾಂಧಿ ಬಜಾರಿನ ಕಡೆಯಿಂದ ದೋಸೆಯ ವಾಸನೆ ಬಂದರೆ ಅವಳು ನನ್ನ ಬಲಗೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಒಂದು ವರ್ಷದಲ್ಲಿ ನನ್ನ ರವಿಕೆಗಳನ್ನೆಲ್ಲ ಒಳಕ್ಕೆ ಹೊಲಿಗೆ ಹಾಕಿ ಹಿಡಿಸಬೇಕಾಯಿತು, ಎಡತೋಳೊಂದನ್ನು ಬಿಟ್ಟು.

ಈ ನಡುವೆ ಇನ್‌ಸ್ಟಿಟ್ಯೂಟಿನಲ್ಲೂ ಬದಲಾವಣೆ ಬಂತು. ಕಂಪ್ಯೂಟರ್ ಕಲಿಸಿ ಎಂದು ಮಕ್ಕಳು ಕೇಳತೊಡಗಿದ್ದರು. ಎರಡು ತರಿಸಿ ಮೂಲೆಯಲ್ಲಿ ಇಟ್ಟೆ. ಮೊದಲು ನಾನು ಕಲಿತು, ಆಮೇಲೆ ಕಲಿಸಿದೆ. ಅದರಲ್ಲಿ ಸಾಲು ಮುಗಿದರೆ ಬಲಗೈಯ ಕಿರುಬೆರಳು ಮುಟ್ಟಿದರೆ ಸಾಕು. ಟೈಪ್‌ರೈಟರಿನ ಮುಂದೆ ಈಗ ನಾನು ಬಗ್ಗುತ್ತಿರಲಿಲ್ಲ, ನಿಂತು ಬಾಯಲ್ಲೇ ಹೇಳುತ್ತಿದ್ದೆ. ಬೈಗುಳ ಹೇಗೂ ರೂಢಿಯಿತ್ತು.

ಎರಡು ಸಾವಿರದ ಇಸವಿಯ ನಂತರದ ಮಾತು. ಮಲ್ಲೇಶ್ವರದಲ್ಲಿ ಅತ್ತೆಯ ತಂಗಿಯ ಮನೆ. ನಾನು ಅವರನ್ನು ಚಿಕ್ಕತ್ತೆ ಅನ್ನುತ್ತಿದ್ದೆ. ಅವರ ಸೊಸೆಯ ಸೀಮಂತಕ್ಕೆ ನಾನೂ ಅತ್ತೆಯೂ ಹೋದೆವು. ಬಳೆ ತೊಡಿಸುವ ಹೆಂಗಸು ಬಂದಿದ್ದಳು. ನನ್ನ ಸರದಿ ಬಂದಾಗ ಬಲಗೈಯನ್ನಷ್ಟೇ ಚಾಚಿದೆ.

"ಒಂದೇ ಕೈಗೇನೇ? ಎರಡೂ ಕೈಗೆ ಹಾಕ್ಕೋ. ಶುಭಕಾರ್ಯ" ಎಂದರು ಚಿಕ್ಕತ್ತೆ, ಎಲ್ಲರಿಗೂ ಕೇಳುವ ಹಾಗೆ.

"ಎಡಗೈಗೆ ಒಂದೇ ಕಡೆ ಬಿಗಿಯೋದು ಹಾಕ್ಬಾರ್ದು ಚಿಕ್ಕತ್ತೆ."

"ಅದೇನಾಗಿದೆ ಕೈಗೆ? ಎಷ್ಟು ವರ್ಷದಿಂದ ನೋಡ್ತಿದೀನಿ, ಸೆರಗಲ್ಲಿ ಮುಚ್ಕೊಂಡೇ ಇರ್ತೀಯ."

ಮನೆಯವರ ನಡುವೆ ನನ್ನ ಕಾಯಿಲೆಗೆ 'ಆಪರೇಷನ್' ಎಂಬ ಒಂದೇ ಹೆಸರು. ಗರ್ಭಕೋಶದ್ದೋ ಏನೋ ಎಂದುಕೊಂಡವರೇ ಹೆಚ್ಚು. ಅತ್ತೆ ನನ್ನ ಕಡೆ ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಸಣ್ಣಗೆ ತಲೆಯಾಡಿಸಿದರು, ಹೇಳು ಎಂಬಂತೆ.

ಸೆರಗು ಸರಿಸಿದೆ. "ಎದೆ ಕ್ಯಾನ್ಸರ್ ಆಗಿತ್ತು. ಕಂಕುಳಲ್ಲಿ ಗ್ರಂಥಿ ತೆಗೆದ್ರು, ಅದಕ್ಕೆ ಕೈಯಲ್ಲಿ ನೀರು ನಿಲ್ಲತ್ತೆ. ಅಂಟುರೋಗ ಅಲ್ಲ. ನಾನು ಚೆನ್ನಾಗಿದೀನಿ."

ಬಸುರಿ ಹುಡುಗಿಯೇ ಮೊದಲು ಮಾತಾಡಿದವಳು: "ಬಲಗೈಗೆ ಹಸಿರು ಹಾಕ್ಕೊಳ್ಳಿ ಅಕ್ಕ, ಚೆನ್ನಾಗಿರತ್ತೆ." ಮತ್ತೆ ಎಲ್ಲರೂ ಮಾತಿಗಿಳಿದರು. ನಾನು ಹಸಿರು ಬಳೆ ತೊಟ್ಟು, ಕೋಸಂಬರಿ ಪಾಯಸ ಎರಡನ್ನೂ ಉಂಡೆ.

ಹೊರಡುವ ಹೊತ್ತಿಗೆ ಚಿಕ್ಕತ್ತೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಸೆರಗಿನ ತುದಿಯನ್ನು ಸುತ್ತುತ್ತ ನಿಂತರು.

"ನಿನಗೆ ಮೊದ್ಲು ಹೇಗೆ ಗೊತ್ತಾಯ್ತು?"

"ಗಂಟು ಕೈಗೆ ಸಿಕ್ತು."

"ನೋವಿತ್ತಾ?"

"ಇಲ್ಲ."

ಅವರು ಮಂಚದ ಮೇಲೆ ಕೂತುಬಿಟ್ಟರು. "ನನ್ನದೂ ನೋವಿಲ್ಲ. ಸೊಸೆ ಸೀಮಂತ, ಹೆರಿಗೆ ಎಲ್ಲ ಮುಗೀಲಿ ಅಂತ ಯಾರಿಗೂ ಹೇಳಿಲ್ಲ."

ನಾನೂ ಅವರ ಪಕ್ಕದಲ್ಲಿ ಕೂತೆ. "ಹೆರಿಗೆಗೆ ಇನ್ನೂ ಸಮಯ ಇದೆ. ಸೋಮವಾರ ಬೆಳಿಗ್ಗೆ ರೆಡಿಯಾಗಿರಿ, ನಾನು ಆಟೋದಲ್ಲಿ ಬರ್ತೀನಿ" ಅಂದೆ. ಮನೆಗೆ ಹೋಗುವ ದಾರಿಯಲ್ಲಿ ಅತ್ತೆಗೆ ಹೇಳಿದೆ. ಅವರು ಆಟೋದ ಸರಳು ಹಿಡಿದುಕೊಂಡು, "ನಾನೂ ಬರ್ತೀನಿ" ಎಂದರು, ಅಷ್ಟೇ.

ಕ್ಯಾನ್ಸರೇ ಆಗಿತ್ತು. ಆದರೆ ಸಣ್ಣದು, ಕಂಕುಳಿಗೆ ಹಬ್ಬಿರಲಿಲ್ಲ. ಆಪರೇಷನ್ ಆಗಿ ಎಚ್ಚರವಾದ ಮರುದಿನ ಚಿಕ್ಕತ್ತೆ ತಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಕೈಯನ್ನೇ ನೋಡಿ ಕೇಳಿದರು:

"ನನ್ನ ಕೈನೂ ಹೀಗೇ ಆಗತ್ತಾ? ನಿಜ ಹೇಳು."

"ಆಗಲ್ಲ ಅಂತ ಯಾರೂ ಬರ್ಕೊಡಲ್ಲ ಚಿಕ್ಕತ್ತೆ. ಆದ್ರೆ ನನಗಿದ್ದ ಕಾರಣಗಳು ನಿಮಗೆ ಕಡಿಮೆ. ಗ್ರಂಥಿ ಕಮ್ಮಿ ತೆಗೆದಿದಾರೆ, ಕಂಕುಳಿಗೆ ಕರೆಂಟ್ ಬೇಡ ಅಂದಿದಾರೆ. ಮೈತೂಕ ನೋಡ್ಕೊಳ್ಳಿ, ಗಾಯ ಮಾಡ್ಕೋಬೇಡಿ, ಹೇಳಿದಷ್ಟು ಕೈ ಆಡಿಸಿ. ಆಮೇಲೂ ಊದಿದ್ರೆ..."

"ಊದಿದ್ರೆ?"

"ಊದಿದ್ರೆ ನಾನಿದೀನಲ್ಲ, ಸುತ್ತೋಕೆ" ಎಂದು ಅತ್ತೆ ಪಕ್ಕದ ಸ್ಟೂಲಿನಿಂದ ಹೇಳಿದರು.

ಚಿಕ್ಕತ್ತೆಯ ಕೈ ಊದಲಿಲ್ಲ. ಎದೆಯಲ್ಲಿ ಒಂದೆರಡು ಸಲ ನೀರು ಸೇರಿತು, ತೆಗೆಸಿದರು, ನಿಂತಿತು. ಮೊಮ್ಮಗಳು ಹುಟ್ಟುವ ಹೊತ್ತಿಗೆ ಅವರ ಭುಜ ಪೂರ್ತಿ ಮೇಲೇಳುತ್ತಿತ್ತು. ನನ್ನದಕ್ಕೆ ಬೇಸಿಗೆಯಲ್ಲಿ ಭಾರ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಒಮ್ಮೆ ಮತ್ತೆ ನಂಜಾಯಿತು; ಕೆಂಪು ಕಂಡ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿದ್ದರಿಂದ ಬೇಗ ಇಳಿಯಿತು. ಮಲ್ಲೇಶ್ವರದಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದ ಮೇಲೆ ನಾನು ಕೈಯನ್ನು ಸೆರಗಿನಲ್ಲಿ ಮುಚ್ಚುವುದನ್ನು ಬಿಟ್ಟೆ. ಯಾರಾದರೂ ನೋಡಿದರೆ ನೋಡಲಿ, ಕೇಳಿದರೆ ಹೇಳುತ್ತೇನೆ. ಹಾಗೆ ಕೇಳಿದವರಲ್ಲಿ ಒಬ್ಬರು ತರಕಾರಿ ಅಂಗಡಿಯ ಮುಂದೆ, ಮತ್ತೊಬ್ಬರು ನಮ್ಮ ಸಂಜೆ ಬ್ಯಾಚಿನ ಹುಡುಗಿಯ ತಾಯಿ, ತಮಗೂ ಒಂದು ಗಂಟಿದೆ ಎಂದು ಮೆಲ್ಲನೆ ಹೇಳಿದ್ದಾರೆ. ಇಬ್ಬರನ್ನೂ ಆಟೋ ಹತ್ತಿಸಿಕೊಂಡು ಹೋಗಿದ್ದೇನೆ. ಒಬ್ಬರದು ಬರೀ ಕೊಬ್ಬಿನ ಗಂಟು ಎಂದು ಬಂದಾಗ ಡಾಕ್ಟರ ಕೋಣೆಯ ಹೊರಗೆ ಆಕೆ ನನ್ನನ್ನು ತಬ್ಬಿಕೊಂಡು ಜೋರಾಗಿ ಅತ್ತದ್ದು, ಸಾಲಿನಲ್ಲಿ ಕೂತವರೆಲ್ಲ ಗಾಬರಿಯಾಗಿ ಎದ್ದು ನಿಂತದ್ದು, ನಾನು "ಏನೂ ಇಲ್ಲ, ಏನೂ ಇಲ್ಲ, ಒಳ್ಳೇ ಸುದ್ದಿ" ಎಂದು ಅವರಿಗೆಲ್ಲ ಕೂಗಿ ಹೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.